‘ಕನ್ನಡ’ ಬರೆದರೆ ‘?????’ ಬರುವುದೇಕೆ?

ಫಾರಂನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ ಸೇವ್ ಒತ್ತುತ್ತೀರಿ. ಪೇಜ್ ಮತ್ತೆ ತೆರೆದರೆ ‘?????’. ಎಣಿಸಿ ನೋಡಿ, ಐದು. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರಿಗೆ ಮಾತ್ರ ಕ, ನ, ಹಲಂತ, ನ, ಡ ಎಂದು ಐದು. ಡೇಟಾಬೇಸಿನ ಕಾಲಂ ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ ಇರುವ ಲ್ಯಾಟಿನ್-1 ಪಟ್ಟಿಯದಾಗಿದ್ದರೆ ಅದಕ್ಕೆ ಇವು ಯಾವುವೂ ಗೊತ್ತಿಲ್ಲ. ಒಂದೊಂದಕ್ಕೂ ಒಂದು ಪ್ರಶ್ನೆ ಚಿಹ್ನೆ ಬರೆದಿಟ್ಟು ಕೈತೊಳೆದುಕೊಳ್ಳುತ್ತದೆ.

1963ರ ಆಸ್ಕಿ ಎಂಬ ಅಕ್ಷರಪಟ್ಟಿಯಲ್ಲಿ ಜಾಗ ಇದ್ದದ್ದೇ 128 ಸಂಕೇತಕ್ಕೆ. ಇಂಗ್ಲಿಷಿಗೆ ಅಷ್ಟು ಸಾಕಿತ್ತು. ಆಮೇಲೆ ಪಶ್ಚಿಮ ಯುರೋಪಿಗೆ ಲ್ಯಾಟಿನ್-1, ಭಾರತದ ಲಿಪಿಗಳಿಗೆ ಇಸ್ಕಿ, ಹೀಗೆ ಗುಂಪಿಗೊಂದು ಪಟ್ಟಿ ಹುಟ್ಟಿತು. ಎಲ್ಲವನ್ನೂ ಒಂದೇ ಪಟ್ಟಿಗೆ ತಂದ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಮರುವರ್ಷ ಪ್ರೋಗ್ರಾಮರುಗಳಾದ ಕೆನ್ ಥಾಂಪ್ಸನ್, ರಾಬ್ ಪೈಕ್ ಸೇರಿ, ಆ ಪಟ್ಟಿಯ ಅಕ್ಷರಗಳನ್ನು ಬೈಟುಗಳಲ್ಲಿ ಬರೆದಿಡುವ ಯುಟಿಎಫ್-8 ವಿಧಾನ ರೂಪಿಸಿದರು. ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. ಸ್ವೀಡನ್ನಿನಲ್ಲಿ ಹುಟ್ಟಿದ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ ಬಹಳ ವರ್ಷ ಲ್ಯಾಟಿನ್-1 ಅನ್ನೇ ಡೀಫಾಲ್ಟ್ ಆಗಿ ಇಟ್ಟುಕೊಂಡಿತ್ತು, ಅಕ್ಷರಗಳ ವಿಂಗಡಣೆಯೂ ಸ್ವೀಡಿಷ್ ಕ್ರಮದಲ್ಲೇ. ಅದರ ‘ಯುಟಿಎಫ್8’ ಅಕ್ಷರಕ್ಕೆ ಕೊಡುತ್ತಿದ್ದುದು ಮೂರೇ ಬೈಟ್. ಕನ್ನಡಕ್ಕೆ ಬೇಕಿರುವುದೂ ಮೂರೇ, ಹಾಗಾಗಿ ನಮಗೆ ಕೊರತೆ ಗೊತ್ತೇ ಆಗಲಿಲ್ಲ. ಎಮೋಜಿಗೆ ನಾಲ್ಕು ಬೇಕು. ತಪ್ಪು ಡೇಟಾ ತಡೆಯುವ ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಎಮೋಜಿಯಿಂದ ಆಚೆಗಿನ ಮಾತೆಲ್ಲ ಕತ್ತರಿಸಿ ಹೋಗುತ್ತಿತ್ತು. ಅರ್ಧಂಬರ್ಧ ಕೆಲಸಕ್ಕೆ ಪೂರ್ತಿ ಹೆಸರಿಟ್ಟದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ನಾಲ್ಕು ಬೈಟಿನ ‘ಯುಟಿಎಫ್8ಎಂಬಿ4’ 2010ರಲ್ಲಿ ಬಂತು. ಡೀಫಾಲ್ಟ್ ಆಗಲು 2018ರ 8.0 ಆವೃತ್ತಿಯವರೆಗೆ ಕಾಯಬೇಕಾಯಿತು.

ಇದಕ್ಕಿಂತ ಕಿಲಾಡಿ ತಪ್ಪು ಇನ್ನೊಂದಿದೆ. ಟೇಬಲ್ ಯುಟಿಎಫ್-8, ಆ್ಯಪಿಗೂ ಡೇಟಾಬೇಸಿಗೂ ನಡುವಿನ ಕನೆಕ್ಷನ್ ಲ್ಯಾಟಿನ್-1. ಆ್ಯಪ್ ಕಳಿಸಿದ ‘ಕ’ದ ಮೂರು ಬೈಟನ್ನು ಸರ್ವರ್ ಮೂರು ಯುರೋಪಿಯನ್ ಅಕ್ಷರ ಅಂದುಕೊಂಡು ಇಟ್ಟುಕೊಳ್ಳುತ್ತದೆ. ಓದುವಾಗ ಅದೇ ತಪ್ಪು ಹಿಂದುಮುಂದಾಗಿ ನಡೆದು ‘ಕ’ವೇ ಬರುತ್ತದೆ. ಸೈಟ್ ಚೆನ್ನಾಗಿ ಕಾಣುತ್ತದೆ, ಟೇಬಲ್ ತೆರೆದರೆ ಕಸ. ಯಾರೋ ಪುಣ್ಯಾತ್ಮರು ಕನೆಕ್ಷನ್ ಸರಿ ಮಾಡಿದ ದಿನ ಹಳೆಯ ಲೇಖನಗಳೆಲ್ಲ ಕೆಡುತ್ತವೆ. ಬೈಯಿಸಿಕೊಳ್ಳುವುದು ಸರಿ ಮಾಡಿದವರೇ.

ಅಕ್ಷರ ಉಳಿದ ಮೇಲೆ, ಒಂದೇ ಲೇಖನದ ಹಲವು ಭಾಷೆಗಳನ್ನು ಎಲ್ಲಿಡುವುದು? ಸಾಮಾನ್ಯವಾಗಿ ಭಾಷೆಗೊಂದು ಕಾಲಂ ಹಾಕಿ ಶುರು ಮಾಡುತ್ತಾರೆ. ಎರಡು ಭಾಷೆಗೆ ಅದೇ ಸಲೀಸು. ಐದನೆಯದು ಬಂದಾಗ ಎಲ್ಲ ಟೇಬಲ್, ಅವುಗಳಿಂದ ಮಾಹಿತಿ ಕೇಳುವ ಕ್ವೆರಿ ಮುಟ್ಟಬೇಕು. ಆಗ ಅನುವಾದಕ್ಕೇ ಬೇರೆ ಟೇಬಲ್ ಬರುತ್ತದೆ: ಲೇಖನದ ಐಡಿ, ಭಾಷೆಯ ಕೋಡ್, ಪಠ್ಯ. ಹೊಸ ಭಾಷೆ ಅಂದರೆ ಒಂದಷ್ಟು ಹೊಸ ಸಾಲು, ಅಷ್ಟೆ. ಆದರೆ ಎರಡೂ ಟೇಬಲಿನಲ್ಲಿ ಇರುವುದನ್ನಷ್ಟೇ ಜೋಡಿಸುವ ಇನ್ನರ್ ಜಾಯಿನ್ ಹಾಕಿದರೆ ಅನುವಾದವಾಗದ ಲೇಖನ ಪಟ್ಟಿಯಿಂದಲೇ ಮಾಯ. ಜೋಡಿ ಸಿಗದಿದ್ದರೂ ಲೇಖನವನ್ನು ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಹಾಕಿ, ಸಾಲು ಸಿಗದಿದ್ದಾಗ ಮೂಲ ಭಾಷೆಯದನ್ನು ತೋರಿಸಬೇಕು. ಇಲ್ಲದಿದ್ದರೆ ಏನೋ ಕಳೆದಿದೆ ಅನ್ನಲು ಒಂದು ಪ್ರಶ್ನೆ ಚಿಹ್ನೆಯೂ ಉಳಿಯುವುದಿಲ್ಲ.