ಸೂಪರ್ ಕಾರು ಶೋರೂಮಿಗೋ, ಕಾರ್ಖಾನೆಗೋ?

ಹಾಫ್ ಕ್ಲಚ್ಚಿನಲ್ಲೇ ಮುಳ್ಳಯ್ಯನಗಿರಿ ಹತ್ತಿಸಿ, ಕ್ಲಚ್ ಪ್ಲೇಟು ಸುಟ್ಟುಕೊಂಡು, ಗಾಡಿ ಎಳೆಸಿಕೊಂಡು ಬಂದ ಹಾಸನದ ಹುಡುಗನೊಬ್ಬ ಕಳೆದ ತಿಂಗಳು ನಮ್ಮ ಗ್ಯಾರೇಜಿನಲ್ಲಿ ಅರ್ಧ ದಿನ ಕೂತಿದ್ದ. ಗಾಡಿ ಮಾರುತಿ ಸ್ವಿಫ್ಟ್. ಗೇರ್ ಬಾಕ್ಸ್ ಇಳಿಸಿ ಕ್ಲಚ್ ಬದಲಿಸುವವರೆಗೆ ಅವನಿಗೆ ಬೇರೆ ಕೆಲಸ ಇರಲಿಲ್ಲ. ಟೀ ಕುಡಿಯುತ್ತಾ ಕೇಳಿದ: "ಅಣ್ಣಾ, ಮಾರುತಿ ಇಷ್ಟು ದೊಡ್ಡ ಕಂಪನಿ. ಒಂದು ಸೂಪರ್ ಕಾರು ಮಾಡೋಕೆ ಏನು ದಾಡಿ? ಅಂಥದ್ದೊಂದು ಇದ್ರೆ ನಾವೂ ಎದೆ ಉಬ್ಬಿಸಿಕೊಂಡು ಓಡಾಡಬಹುದಿತ್ತು ಅಲ್ವಾ?"

ಸುಮ್ನೆ ಕೇಳಿದ ಪ್ರಶ್ನೆ. ಆದರೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ರಿಪೇರಿ ಕೆಲಸದವನು, ರ‍್ಯಾಲಿಗಳಲ್ಲಿ ಸರ್ವಿಸ್ ತಂಡಕ್ಕೆ ಪಾನಾ ಹಿಡಿದು ಹೋದವನು. ಕಾರು ಮಾರುವವರ ಲೆಕ್ಕ ಬೇರೆ ಇರಬಹುದು. ಬಾನೆಟ್ ಎತ್ತಿ ನೋಡಿದವನ ಲೆಕ್ಕ ಇಲ್ಲಿದೆ.

ಇಂಥ ದುಬಾರಿ, ಭಾರಿ ವೇಗದ ಕಾರಿಗೆ ಈ ವ್ಯಾಪಾರದಲ್ಲಿ ಹೇಲೋ ಕಾರು ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಪ್ರಭಾವಳಿ. ತಾನು ಮಾರಾಟವಾಗದಿದ್ದರೂ ಪರವಾಗಿಲ್ಲ, ಅದರ ಬೆಳಕು ಪಕ್ಕದಲ್ಲಿ ನಿಂತ ಸಣ್ಣ ಕಾರಿನ ಮೇಲೆ ಬೀಳಬೇಕು, ಜನ ಅದನ್ನು ಕೊಳ್ಳಬೇಕು. ಲೆಕ್ಕ ಕೇಳೋಕೆ ಚೆನ್ನಾಗಿದೆ. ನಮ್ಮ ದೇಶದಲ್ಲಿ ಅದು ನಡೆದಿದೆಯಾ?

ನಿಸ್ಸಾನ್ ಕಂಪನಿಯ ಸೂಪರ್ ಕಾರು ಜಿಟಿ-ಆರ್ 2016ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂತು. ಬೆಲೆ 1.99 ಕೋಟಿ ರೂಪಾಯಿ. ಅದೇ ಕಂಪನಿ ಆಗ ಮೈಕ್ರಾ, ಸನ್ನಿ, ಟೆರಾನೋ ಮಾರುತ್ತಿತ್ತು. ಡಾಟ್ಸನ್ ಹೆಸರಿನಲ್ಲಿ ತೀರಾ ಅಗ್ಗದ ಗೋ ಕಾರೂ ಇತ್ತು. ಜಿಟಿ-ಆರ್ ಜಗತ್ತೇ ಮೆಚ್ಚಿದ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆಳಕು ಮೈಕ್ರಾದ ಮೇಲೆ ಬೀಳಲಿಲ್ಲ. 2022ರ ಹೊತ್ತಿಗೆ ಡಾಟ್ಸನ್ ಹೆಸರೇ ಇಲ್ಲಿ ಮುಗಿಯಿತು. ಇಲ್ಲಿ ನಿಸ್ಸಾನ್ ಉಸಿರು ಉಳಿಸಿಕೊಂಡದ್ದು 2020ರ ಡಿಸೆಂಬರಿನಲ್ಲಿ 4.99 ಲಕ್ಷದಿಂದ ಶುರುವಾದ ಮ್ಯಾಗ್ನೈಟಿನಿಂದ. ಒಂದು ಜಿಟಿ-ಆರ್ ದುಡ್ಡಿಗೆ ಹತ್ತಿರ ಹತ್ತಿರ 40 ಮ್ಯಾಗ್ನೈಟ್!

ಫೋರ್ಡ್ ಕಥೆಯೂ ಹಾಗೇ. 2016ರಲ್ಲಿ 5 ಲೀಟರ್ ವಿ8 ಎಂಜಿನ್ನಿನ ಮಸ್ಟಾಂಗ್ ತಂದರು. ಹುಡುಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. 2021ರ ಸೆಪ್ಟೆಂಬರಿನಲ್ಲಿ ಕಂಪನಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಅಷ್ಟು ವರ್ಷ ಜನರನ್ನು ಶೋರೂಮಿಗೆ ಕರೆತಂದದ್ದು ಇಕೋಸ್ಪೋರ್ಟ್, ಮಸ್ಟಾಂಗ್ ಅಲ್ಲ. ಸೂಪರ್ ಕಾರಿನಿಂದಲೇ ಕಂಪನಿ ಮುಳುಗಿತು ಅಂತ ನಾನು ಹೇಳುತ್ತಿಲ್ಲ. ಮುಳುಗುವಾಗ ಅದು ಕೈಗೆ ಸಿಗುವ ಹಗ್ಗ ಆಗಲಿಲ್ಲ, ಅಷ್ಟೇ.

ಇನ್ನೊಂದು ವಾದ ನನಗೆ ಜಾಸ್ತಿ ಹತ್ತಿರದ್ದು. ಸೂಪರ್ ಕಾರಿಗೆ ಅಂತ ಕಂಡುಹಿಡಿದ ತಂತ್ರಜ್ಞಾನ ನಿಧಾನಕ್ಕೆ ಇಳಿದು ಇಳಿದು ನಮ್ಮ ಕಾರಿಗೂ ಬರುತ್ತದೆ ಅನ್ನುವ ವಾದ. ಕೆಲವು ಸಲ ನಿಜ. ಡಿಸ್ಕ್ ಬ್ರೇಕು ರೇಸಿನಲ್ಲೇ ಪಳಗಿದ್ದು, 1953ರಲ್ಲಿ ಜಾಗ್ವಾರ್ ಅದನ್ನು ಹಾಕಿಕೊಂಡು ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದಿತ್ತು. ಆದರೆ ಇತ್ತೀಚಿನ ಲೆಕ್ಕ ತೆಗೆದು ನೋಡಿದರೆ ನೀರು ಎಷ್ಟೋ ಸಲ ಕೆಳಗಿನಿಂದ ಮೇಲಕ್ಕೇ ಹರಿದಿದೆ.

ನಮ್ಮ ಕಡೆ ಹೋಂಡಾ ಅಂದರೆ ಈಗಲೂ ಹಳಬರು 'ವಿಟೆಕ್' ಅನ್ನುತ್ತಾರೆ. ಅದು ಎಂಜಿನ್ನಿಗೆ ಗಾಳಿ ಒಳಗೆ ಹೊರಗೆ ಬಿಡುವ ಬಾಗಿಲು, ಅಂದರೆ ವಾಲ್ವು, ಎಷ್ಟು ತೆರೆಯಬೇಕು ಅಂತ ಬದಲಿಸುವ ಏರ್ಪಾಡು. ಎಂಜಿನ್ ನಿಧಾನಕ್ಕೆ ತಿರುಗುವಾಗ ವಾಲ್ವನ್ನು ಸ್ವಲ್ಪವೇ ಎತ್ತುವ ಕ್ಯಾಮ್ (ತಿರುಗುವ ಉಬ್ಬು) ಕೆಲಸ ಮಾಡುತ್ತದೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಏರಿದಾಗ ಆಯಿಲ್ ಒತ್ತಡಕ್ಕೆ ಒಂದು ಪಿನ್ ಜಾರಿ ಕೂತು, ಜಾಸ್ತಿ ಎತ್ತುವ ಕ್ಯಾಮಿಗೆ ಜೋಡಿಸುತ್ತದೆ. ಮೈಲೇಜೂ ಉಳಿಯಿತು, ಪಿಕಪ್ಪೂ ಬಂತು. ಸೊಗಸಾದ ಯೋಚನೆ. ಇದು ಹೋಂಡಾದ ಸೂಪರ್ ಕಾರು ಎನ್‌ಎಸ್‌ಎಕ್ಸ್‌ನಿಂದ ಬಂದದ್ದು ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. ವಿಟೆಕ್ ಮೊದಲು ಬಂದದ್ದು 1989ರ ಇಂಟೆಗ್ರಾ ಅನ್ನುವ ಸಾಧಾರಣ ಕಾರಿನಲ್ಲಿ. ಎನ್‌ಎಸ್‌ಎಕ್ಸ್ ಮಾರುಕಟ್ಟೆಗೆ ಬಂದದ್ದು ಮರುವರ್ಷ. ಹಾಗೇ, ತಾನೇ ಗೇರ್ ಬದಲಿಸುವ ಎರಡು ಕ್ಲಚ್ಚಿನ ಡಿಎಸ್‌ಜಿ ಗೇರ್ ಬಾಕ್ಸ್. ಫೋಕ್ಸ್‌ವ್ಯಾಗನ್ ಅದನ್ನು 2003ರಲ್ಲೇ ಗಾಲ್ಫ್ ಆರ್32 ಕಾರಿಗೆ ಕೊಟ್ಟಿತ್ತು. ಅದೇ ಗುಂಪಿನ 1,001 ಹಾರ್ಸ್ ಪವರಿನ ಬುಗಾಟಿ ವೇರಾನ್, ತನ್ನ ಎರಡು ಕ್ಲಚ್ಚಿನ ಗೇರ್ ಬಾಕ್ಸಿನ ಜೊತೆ ಬಂದದ್ದು 2005ರಲ್ಲಿ. ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ಡೂ ಅಷ್ಟೇ. ಟೊಯೊಟಾ ಅದನ್ನು 1997ರಲ್ಲಿ ಪ್ರಿಯಸ್ ಅನ್ನುವ ಸೀದಾ ಸಾದಾ ಮನೆ ಕಾರಿನಲ್ಲಿ ಶುರು ಮಾಡಿತು.

ಹಾಗಾದರೆ ಎನ್‌ಎಸ್‌ಎಕ್ಸ್ ದಂಡವಾ? ಅದೂ ಅಲ್ಲ. ಮೈಪೂರಾ ಅಲ್ಯುಮಿನಿಯಂ, ನಡುವೆ ಕೂತ 3 ಲೀಟರ್ ವಿ6 ಎಂಜಿನ್. ಫಾರ್ಮುಲಾ ಒನ್ ರೇಸಿನ ಚಾಂಪಿಯನ್ ಅಯರ್ಟನ್ ಸೆನ್ನಾ ಓಡಿಸಿ ನೋಡಿ ಸಲಹೆ ಕೊಟ್ಟ ಗಾಡಿ. ಸೂಪರ್ ಕಾರು ಅಂದರೆ ವಾರಕ್ಕೊಂದು ಸಲ ಗ್ಯಾರೇಜಿಗೆ ಬರಬೇಕು ಅನ್ನುವ ರೂಢಿಯನ್ನು ಅದು ಮುರಿಯಿತು. ಮೆಕ್‌ಲಾರೆನ್ ಎಫ್1 ಅನ್ನುವ ಸೂಪರ್ ಕಾರಿನ ವಿನ್ಯಾಸ ಮಾಡಿದ ಗಾರ್ಡನ್ ಮರ್ರಿಯೇ ಅದನ್ನು ಮೆಚ್ಚಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. 2016ರಲ್ಲಿ ಬಂದ ಎರಡನೇ ಎನ್‌ಎಸ್‌ಎಕ್ಸ್ ಎಂಜಿನ್ ಜೊತೆ ಮೂರು ವಿದ್ಯುತ್ ಮೋಟರ್ ಹಾಕಿಕೊಂಡು ಇನ್ನೂ ವೇಗವಾಗಿತ್ತು. ಆದರೆ 2022ರಲ್ಲಿ ನಿಲ್ಲುವವರೆಗೆ ಜಗತ್ತಿನಲ್ಲೆಲ್ಲ ಸೇರಿ 3,000ವೂ ಹೋಗಲಿಲ್ಲ. ಮೊದಲನೆಯದರಲ್ಲಿ ಹೋಂಡಾದ ಸ್ವಭಾವ ಇತ್ತು. ಎರಡನೆಯದರಲ್ಲಿ ಲೆಕ್ಕಾಚಾರ ಜಾಸ್ತಿ ಕಂಡಿತು. ಇದು ನನ್ನ ಅಭಿಪ್ರಾಯ, ಬೈಯುವವರು ಬೈಯಬಹುದು.

ಸೂಪರ್ ಕಾರಿನ ಪರವಾಗಿ ನಾನು ಒಪ್ಪುವ ವಾದ ಒಂದೇ. ಅದು ಗಿರಾಕಿಗೆ ಸಂಬಂಧಪಟ್ಟದ್ದಲ್ಲ. ಅದಕ್ಕೆ ಲೆಕ್ಸಸ್ ಎಲ್‌ಎಫ್‌ಎ ಕಥೆ ಹೇಳಬೇಕು.

ಲೆಕ್ಸಸ್ ಅಂದರೆ ಟೊಯೊಟಾದ್ದೇ. ಸುಮಾರು ಹತ್ತು ವರ್ಷ ಈ ಒಂದು ಕಾರಿನ ಮೇಲೆ ಕೆಲಸ ಮಾಡಿದರು. ಮೊದಲು ಬಾಡಿಯನ್ನು ಅಲ್ಯುಮಿನಿಯಂನಲ್ಲಿ ಮಾಡುತ್ತಿದ್ದರು. ಅರ್ಧ ದಾರಿಯಲ್ಲಿ ಅದನ್ನು ಬಿಟ್ಟು ಕಾರ್ಬನ್ ಫೈಬರಿಗೆ ಹೋದರು. ಕಾರ್ಬನ್ ನೂಲು ನೇಯಲು ತಮ್ಮದೇ ಮಗ್ಗ ಕಟ್ಟಿಕೊಂಡರು. ಟೊಯೊಟಾದ ಮೂಲ ಕಸುಬೇ ಮಗ್ಗ ಮಾಡುವುದು, ಕಾರು ಆಮೇಲೆ ಬಂದದ್ದು. ಯಮಹಾ ಜೊತೆ ಸೇರಿ 4.8 ಲೀಟರಿನ ವಿ10 ಎಂಜಿನ್ ಮಾಡಿದರು. ಅದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ 9,000 ಆರ್‌ಪಿಎಂ ಮುಟ್ಟುತ್ತಿತ್ತು. ಸಾಮಾನ್ಯ ಮುಳ್ಳಿನ ಮೀಟರಿಗೆ ಆ ವೇಗ ಹಿಡಿಯಲು ಆಗುವುದಿಲ್ಲ ಅಂತ ಪರದೆಯ ಮೀಟರು ಹಾಕಿದರು. ಮಾಡಿದ್ದು ಬರೀ 500 ಕಾರು. ಅಮೆರಿಕದಲ್ಲಿ ಬೆಲೆ 3,75,000 ಡಾಲರ್. 2012ರ ಕೊನೆಗೆ ಮುಗಿಸಿ ಬಾಗಿಲು ಹಾಕಿದರು.

ಬಾಗಿಲು ಹಾಕಿದ ಮೇಲಿನದ್ದೇ ನನಗೆ ಮುಖ್ಯ. ಮೊಟೊಮಾಚಿ ಕಾರ್ಖಾನೆಯಲ್ಲಿ ಎಲ್‌ಎಫ್‌ಎ ಕಟ್ಟಿದ ಜಾಗದಲ್ಲೇ ಮುಂದೆ ಮಿರಾಯ್ ಅನ್ನುವ ಹೈಡ್ರೋಜನ್ ಕಾರು ತಯಾರಾಯಿತು. ಅದರ ಗ್ಯಾಸ್ ಟ್ಯಾಂಕಿಗೂ ಬೇಕಾದದ್ದು ಕಾರ್ಬನ್ ಫೈಬರೇ. ಎಲ್‌ಎಫ್‌ಎಯನ್ನು ಓಡಿಸಿ ಓಡಿಸಿ ಹದಕ್ಕೆ ತಂದವರು ಹಿರೋಮು ನರುಸೆ, ಟೊಯೊಟಾದ ಹಿರಿಯ ಟೆಸ್ಟ್ ಡ್ರೈವರ್. 2010ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಹತ್ತಿರ ಅದೇ ಕಾರಿನಲ್ಲಿ ಅಪಘಾತವಾಗಿ ತೀರಿಕೊಂಡರು. ಕಂಪನಿಯ ಆಗಿನ ಅಧ್ಯಕ್ಷ ಅಕಿಯೊ ಟೊಯೊಡಾಗೆ ಕಾರು ಓಡಿಸುವುದನ್ನು ಕಲಿಸಿದ ಗುರು ಅವರು. ಆ ಶಿಷ್ಯ 'ಮೊರಿಜೊ' ಅಂತ ಬೇರೆ ಹೆಸರಿಟ್ಟುಕೊಂಡು ರೇಸಿಗೆ ಇಳಿದರು. 2020ರಲ್ಲಿ ಅವರ ಕಂಪನಿ ಜಿಆರ್ ಯಾರಿಸ್ ತಂದಿತು, ಮೂರೇ ಸಿಲಿಂಡರಿನ 1.6 ಲೀಟರ್ ಟರ್ಬೋ ಹಾಕಿದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಪುಟ್ಟ ಕಾರು. ಮೊಟೊಮಾಚಿಯಲ್ಲೇ ಕಟ್ಟಿದ್ದು.

ನೋಡಿ, ಆ 500 ಕಾರಿನಿಂದ ಇನ್ನೋವಾಗೆ ಒಂದು ನಟ್ಟೂ ಬಂದಿಲ್ಲ. ಆದರೆ ಕೈ ಪಳಗಿದ ಜನ ಉಳಿದರು. ನಾನು ಹೊಸ ಹುಡುಗನಿಗೆ ಕೆಲಸ ಕಲಿಸುವಾಗಲೂ ಅಷ್ಟೇ. ಒಂದು ಹಳೇ ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಲು ಕೊಡುತ್ತೇನೆ. ಅದರಿಂದ ನನಗೆ ಒಂದು ರೂಪಾಯಿ ಹುಟ್ಟುವುದಿಲ್ಲ. ಮುಂದಿನ ವರ್ಷ ಗಿರಾಕಿಯ ಗಾಡಿ ಅವನ ಕೈಗೆ ಕೊಟ್ಟು ನಾನು ಊಟಕ್ಕೆ ಹೋಗಬಹುದು. ಸೂಪರ್ ಕಾರಿನ ಲಾಭ ಇರುವುದು ಕಾರ್ಖಾನೆಯ ಒಳಗೆ. ಅದನ್ನು ಜಾಹೀರಾತಿನ ಖರ್ಚಿಗೆ ಬರೆದರೆ ನಷ್ಟ ಅಂತಲೇ ಕಾಣುತ್ತದೆ. ಮತ್ತೆ, ಟೊಯೊಟಾದಷ್ಟು ದುಡ್ಡು ತಿಜೋರಿಯಲ್ಲಿ ಇರಬೇಕು, ಅದು ಬೇರೆ ಮಾತು. ಟಾಟಾ 2017ರಲ್ಲಿ ಜಿನೀವಾದಲ್ಲಿ ರೇಸ್ಮೋ ಅನ್ನುವ ಚೆಂದದ ಎರಡು ಸೀಟಿನ ಕಾರು ತೋರಿಸಿ, ಆಮೇಲೆ ಕೈಬಿಟ್ಟಿತು. ನನಗೂ ಬೇಜಾರಾಗಿತ್ತು. ಈಗ ಯೋಚಿಸಿದರೆ, ಆ ಹೊತ್ತಿಗೆ ಅದೇ ಸರಿ ಅನ್ನಿಸುತ್ತದೆ.

ಹಾಗಾದರೆ ನಮ್ಮಂಥ ಗಿರಾಕಿಯ ಎದೆ ಉಬ್ಬಿಸುವುದು ಯಾವುದು? ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ನಡೆಯುತ್ತಿದ್ದ ಕಾಲ. ಗೌರವ್ ಗಿಲ್ 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದವರು, ಓಡಿಸುತ್ತಿದ್ದದ್ದು ಸ್ಕೋಡಾ ಫೇಬಿಯಾ. ಒಂದು ವರ್ಷ ರ‍್ಯಾಲಿ ಮುಗಿದ ಸೋಮವಾರ ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ತಮ್ಮ ಹಳೇ ಫೇಬಿಯಾ ತಂದು ನಿಲ್ಲಿಸಿದರು. "ಮೇಸ್ತ್ರಿ, ನಿನ್ನೆ ನೋಡಿದ್ರಾ? ನಮ್ಮ ಗಾಡೀನೇ ಅಲ್ವಾ ಅದು! ಇದಕ್ಕೂ ಸ್ವಲ್ಪ ಪಿಕಪ್ ಬರೋ ಹಾಗೆ ಮಾಡಿ" ಅಂದರು. ಗಿಲ್ ಗಾಡಿಯಲ್ಲಿ ನಾಲ್ಕೂ ಚಕ್ರ ಎಳೆಯುತ್ತಿತ್ತು, ಗೇರ್ ಬಾಕ್ಸೇ ಬೇರೆ. ಇವರದ್ದು ಮುಂದಿನ ಎರಡೇ ಚಕ್ರ ಎಳೆಯುವ 1.2 ಲೀಟರ್ ಪೆಟ್ರೋಲ್. ಒಂದರ ಪಾರ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಆದರೂ ರೈಟರಿಗೆ ಅದು ತಮ್ಮದೇ ಗಾಡಿ. ಹಣೆ ಅದೇ, ಬಾಗಿಲು ಅದೇ, ಹೆಸರು ಅದೇ. ನನ್ನ ಲೆಕ್ಕದಲ್ಲಿ ಪ್ರಭಾವಳಿ ಅಂದರೆ ಇದು. ಬೇಲೂರಿನ ಮದನಿಕೆಯರ ತಲೆಯ ಮೇಲಿನ ಬಳ್ಳಿ ಚಪ್ಪರ ನೋಡಿದ್ದೀರಲ್ಲ, ವಿಗ್ರಹವನ್ನು ಕೆತ್ತಿದ ಕಲ್ಲಿನಲ್ಲೇ ಕೆತ್ತಿದ್ದು. ಬೇರೆ ತಂದು ಅಂಟಿಸಿದ್ದಲ್ಲ.

ತಮಾಷೆ ಏನು ಅಂದರೆ, ಗಿಲ್ ಆ ಎರಡನೇ, ಮೂರನೇ ಸಲ ಗೆಲ್ಲುವ ಹೊತ್ತಿಗೆ ಶೋರೂಮಿನಲ್ಲಿ ಫೇಬಿಯಾವೇ ಇರಲಿಲ್ಲ. ಹೊಗಳಿಕೆ ಬಂತು, ಮಾರಲು ಸರಕಿಲ್ಲ.

ಅದಕ್ಕೇ ನನಗೆ ಸಣ್ಣ ಕಾರಿನ ಚುರುಕು ಆವೃತ್ತಿಗಳ ಮೇಲೆ ಪ್ರೀತಿ. 2013ರ ಪೋಲೋ ಜಿಟಿ ಟಿಎಸ್‌ಐ, ಆಮೇಲೆ ಹ್ಯುಂಡೈ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್. ಮಾರುತಿಯೂ 2017ರಲ್ಲಿ ಬಲೆನೋ ಆರ್‌ಎಸ್ ತಂದು, 2020ರಲ್ಲಿ ನಿಲ್ಲಿಸಿತು. ಸೋತಿತು ಅಂದುಕೊಂಡೆವು. 2023ರಲ್ಲಿ ಅದರ 1 ಲೀಟರ್ ಟರ್ಬೋ ಎಂಜಿನ್ ಬೂಸ್ಟರ್‌ಜೆಟ್ ಫ್ರಾಂಕ್ಸ್‌ನಲ್ಲಿ ವಾಪಸ್ ಬಂತು. ಇವು ಸಂಬಳದವನು ಸಾಲ ಮಾಡಿಯಾದರೂ ಕೊಳ್ಳಬಹುದಾದ ಕಾರುಗಳು. ಹಂಪಿನಲ್ಲಿ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಹೊಡೆಸಿಕೊಳ್ಳದೆ ಚಾರ್ಮಾಡಿ ದಾಟಬಹುದು.

ಆದರೆ ಇವಕ್ಕೂ ಒಂದು ಶಾಪ ಇದೆ. ಮೂಡಿಗೆರೆ ಕಡೆಯ ಗೌಡರೊಬ್ಬರು ಇಂಥದ್ದೇ ಒಂದು ಕಾರು ಕೊಂಡಿದ್ದರು. ಕಂಪನಿ ಹೆಸರು ಬೇಡ. ಮುಂದಿನ ಶಾಕ್ ಅಬ್ಸಾರ್ಬರ್ ಸೋರಿತು. ಸಾಧಾರಣ ಮಾಡೆಲ್ಲಿನದ್ದು ಇದಕ್ಕೆ ಕೂರುವುದಿಲ್ಲ, ಪಾರ್ಟ್ ನಂಬರೇ ಬೇರೆ. ಡೀಲರ್ ಹತ್ತಿರ ಸ್ಟಾಕ್ ಇಲ್ಲ. ನಾನೇ ದಿನಾ ಫೋನ್ ಮಾಡಿದೆ. "ಬರ್ತಾ ಇದೆ ಸರ್" ಅಂತ ಆರು ವಾರ ಕಳೆದರು. ಅಷ್ಟು ದಿನ ಗೌಡರು ತೋಟದ ಜೀಪಿನಲ್ಲೇ ಮದುವೆ ಮುಂಜಿ ಮುಗಿಸಿದರು. ಮುಂದಿನ ಕಾರು ಇನ್ನೋವಾ ತಗೊಂಡರು. ಇನ್ನೋವಾದಲ್ಲಿ ಪಿಕಪ್ಪಿನ ಮಾತೇ ಇಲ್ಲ, ರೇಸೂ ಇಲ್ಲ. ಬಿಡದಿಯಲ್ಲಿ ತಯಾರಾಗುತ್ತದೆ, ಪಾರ್ಟು ನಾಳೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಟೊಯೊಟಾದ ಹೇಲೋ ಕಾರು ಯಾವುದು ಅಂತ ಕೇಳಿದರೆ ನಾನು ಎಲ್‌ಎಫ್‌ಎ ಅನ್ನುವುದಿಲ್ಲ.

ಇಷ್ಟನ್ನೂ ಆ ಹುಡುಗನಿಗೆ ಹೇಳುವಷ್ಟರಲ್ಲಿ ಕ್ಲಚ್ ಕೂತಿತ್ತು. "ಹಾಗಾದ್ರೆ ಮಾರುತಿ ಸೂಪರ್ ಕಾರು ಮಾಡಬಾರದಾ?" ಅಂದ. ದೇಶದಲ್ಲಿ ಮಾರಾಟವಾಗುವ 10 ಕಾರಿನಲ್ಲಿ ಸುಮಾರು 4 ಅವರದ್ದೇ, ಸೂಪರ್ ಕಾರಿಲ್ಲದೇ ಅಲ್ಲಿಗೆ ಬಂದಿದ್ದಾರೆ ಅಂದೆ. ಬೇಕಿದ್ದರೆ ಬೇರೆ ದೇಶಗಳಲ್ಲಿ ಮಾರಿದ ಸ್ವಿಫ್ಟ್ ಸ್ಪೋರ್ಟನ್ನು ಇಲ್ಲಿಗೂ ತರಲಿ, ನಾನೇ ಮೊದಲು ಹೋಗಿ ನೋಡುತ್ತೇನೆ. ಅವನ ಮುಖ ಅರಳಿತು.

ಬಿಲ್ ನೋಡಿ ಮತ್ತೆ ಬಾಡಿತು. ಹೊರಡುವ ಮುಂಚೆ ಗ್ಯಾರೇಜಿನ ಪಕ್ಕದ ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಿಡಿದು ಗಾಡಿ ಎತ್ತುವುದನ್ನು ನಾಲ್ಕು ಸಲ ಮಾಡಿಸಿದೆ. ಎಡಗಾಲನ್ನು ಕ್ಲಚ್ಚಿನ ಮೇಲೆ ಮಲಗಿಸಬೇಡ ಅಂದೆ. ಮಾರನೇ ದಿನ ಮತ್ತೆ ಗಿರಿಗೆ ಹೋಗುತ್ತೇನೆ ಅಂದ. ಬೆಳಿಗ್ಗೆ ಹತ್ತಕ್ಕೆ ಸೀತಾಳಯ್ಯನಗಿರಿಯಿಂದ ಫೋನ್ ಬಂತು: "ಅಣ್ಣಾ, ಇಲ್ಲೀವರೆಗೆ ಸುಟ್ಟ ವಾಸನೆ ಬಂದಿಲ್ಲ!"