500 ಜನ ಇದ್ದರೆ ರಸ್ತೆ

ಮಲೆನಾಡಿನಲ್ಲಿ ದೊಡ್ಡ ರಸ್ತೆಯಿಂದ ಒಳಗೆ ತಿರುಗುವಾಗ ಕಿತ್ತಳೆ ಬಣ್ಣದ ಕಿಲೋಮೀಟರ್ ಕಲ್ಲು ಕಂಡರೆ, ಅದು ಹಳ್ಳಿ ರಸ್ತೆ ಅಂತ ಗುರುತು. ಪಕ್ಕದಲ್ಲೇ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಬೋರ್ಡು: ಉದ್ದ ಇಷ್ಟು, ಖರ್ಚು ಇಷ್ಟು, ಗುತ್ತಿಗೆದಾರರು ಇಂಥವರು. ಮೂರ್ನಾಲ್ಕು ಕಿಲೋಮೀಟರ್ ಡಾಂಬರು ಚೆನ್ನಾಗಿಯೇ ಇರುತ್ತದೆ. ಆಮೇಲೆ ಶಾಲೆಯ ಮುಂದೆಯೋ ಅಂಗಡಿಯ ಮುಂದೆಯೋ ನಿಂತುಬಿಡುತ್ತದೆ. ಮುಂದೆ ಕೆಮ್ಮಣ್ಣಿನ ದಾರಿ, ಒಂದು ಹಳ್ಳ, ಅದರ ಮೇಲೆ ಅಡಿಕೆ ದಬ್ಬೆ ಹಾಸಿದ ಕಾಲುಸಂಕ. ಆಚೆಗೂ ಮನೆಗಳಿವೆ, ಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ. ಹಾಗಾದರೆ ರಸ್ತೆ ಅಲ್ಲೇ ಯಾಕೆ ನಿಂತಿತು?

ಬಹಳ ಸಲ ಇದಕ್ಕೆ ಕಾರಣ ಅನುದಾನದ ಲೆಕ್ಕ.

ರಸ್ತೆಗೆ ಅಂತಲೇ ಹಣ ಎತ್ತಿಡುವ ಪದ್ಧತಿ ಬ್ರಿಟಿಷರ ಕಾಲದ್ದು. 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ರಸ್ತೆ ಅಭಿವೃದ್ಧಿಗೆ ಒಂದು ಸಮಿತಿ ಆಯಿತು. ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲಿಗೆ ಗ್ಯಾಲನ್‌ಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ಕೇಂದ್ರ ರಸ್ತೆ ನಿಧಿ ಶುರು ಮಾಡಿದರು. ಮೋಟಾರು ಓಡಿಸುವವರೇ ರಸ್ತೆಗೆ ಕೊಡಲಿ ಅನ್ನುವುದು ಯೋಚನೆ. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆ ಇದನ್ನು ಹಳ್ಳಿಗೂ ತಂದಿತು. ಡೀಸೆಲ್ ಸೆಸ್‌ನ ಅರ್ಧ ಪಾಲು ಗ್ರಾಮೀಣ ರಸ್ತೆಗೆ ಅಂತ ಗೊತ್ತುಮಾಡಿದರು. ಅದೇ ವರ್ಷ ಡಿಸೆಂಬರ್ 25ಕ್ಕೆ ವಾಜಪೇಯಿ ಸರ್ಕಾರ ಗ್ರಾಮ ಸಡಕ್ ಯೋಜನೆ ಆರಂಭಿಸಿತು. ಆಗ ರಸ್ತೆ ಮಾಡುವ ಖರ್ಚು ಪೂರ್ತಿ ಕೇಂದ್ರದ್ದು.

ದೊಡ್ಡ ಕೆಲಸವೇ ಅದು. ಆದರೆ ಇಡೀ ದೇಶಕ್ಕೆ ಒಂದೇ ಸಲ ಕೊಡುವಷ್ಟು ಹಣ ಇರಲಿಲ್ಲ. ಹಾಗಾಗಿ ತಲೆ ಎಣಿಸಿದರು. ಬಯಲು ಪ್ರದೇಶದಲ್ಲಿ 500 ಜನ ಇರುವ ಊರಿಗೆ ರಸ್ತೆ. ಗುಡ್ಡಗಾಡು ರಾಜ್ಯಗಳು, ಮರುಭೂಮಿ ಪ್ರದೇಶ, ಸಂವಿಧಾನದ ಐದನೇ ಶೆಡ್ಯೂಲಿನ ಬುಡಕಟ್ಟು ಪ್ರದೇಶಗಳಲ್ಲಿ 250 ಸಾಕು. ಕರ್ನಾಟಕ ಗುಡ್ಡಗಾಡು ರಾಜ್ಯ ಅಲ್ಲ. ಐದನೇ ಶೆಡ್ಯೂಲಿನ ಪ್ರದೇಶವೂ ಇಲ್ಲಿಲ್ಲ. ಹೀಗಾಗಿ ಘಟ್ಟದ ಊರುಗಳಿಗೂ, ಕಾಡಂಚಿನ ಹಾಡಿಗಳಿಗೂ ಬಂದಿದ್ದು ಬಯಲಿನ ಲೆಕ್ಕವೇ. ಬಯಲುಸೀಮೆಯಲ್ಲಿ ಊರು ಅಂದರೆ ಒತ್ತಾಗಿರುವ ಮನೆಗಳು, 500 ಸುಲಭವಾಗಿ ಸಿಗುತ್ತದೆ. ಮಲೆನಾಡಿನಲ್ಲಿ ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೆರಡು. ಅಲ್ಲಿ 500 ಎಣಿಸುವುದು ಕಷ್ಟ ಅಲ್ವಾ? ಯಾರೂ ಬೇಕಂತ ಮಾಡಿದ ಅನ್ಯಾಯ ಇದಲ್ಲ ಅಂತ ನನಗೂ ಗೊತ್ತು. ಆದರೂ ಮಳೆಗಾಲದಲ್ಲಿ ಗರ್ಭಿಣಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುವ ಮನೆಯವರಿಗೆ ಇದನ್ನು ಹೇಗೆ ಹೇಳುವುದು?

2015-16ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಕೇಂದ್ರದ ಪಾಲು ಶೇಕಡಾ 60ಕ್ಕೆ ಇಳಿದು, ಉಳಿದ 40 ರಾಜ್ಯದ ಹೆಗಲಿಗೆ ಬಂತು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಮಾತ್ರ 90:10. ಮೊದಲ ಐದು ವರ್ಷದ ನಿರ್ವಹಣೆ ಗುತ್ತಿಗೆದಾರರದ್ದು, ಅದರ ಹಣ ರಾಜ್ಯ ಕೊಡಬೇಕು. ಐದು ವರ್ಷ ಆದಮೇಲೆ ಮೋರಿಯ ಹೂಳು ತೆಗೆಯುವ ಖರ್ಚೂ ರಾಜ್ಯದ ಮೇಲೆಯೇ. ಮೋರಿ ಕಟ್ಟಿಕೊಂಡರೆ ನೀರು ರಸ್ತೆ ಮೇಲೆ ಹರಿಯುತ್ತದೆ. ಒಂದೇ ಮಳೆಗಾಲಕ್ಕೆ ಡಾಂಬರು ಕಿತ್ತು ಜಲ್ಲಿ ಮೇಲೇಳುತ್ತದೆ.

ಈಚೆಗೆ ಲೆಕ್ಕ ಸ್ವಲ್ಪ ಸಡಿಲವಾಗಿದೆ. 2023ರ ನವೆಂಬರಿನಲ್ಲಿ ಬಂದ ಪಿಎಂ ಜನಮನ್ ಯೋಜನೆಯಲ್ಲಿ ಅತಿ ಹಿಂದುಳಿದ ಬುಡಕಟ್ಟುಗಳ 100 ಜನರ ವಸತಿಗೂ ರಸ್ತೆ ಕೊಡಬಹುದು. ಕರ್ನಾಟಕದಲ್ಲಿ ಈ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಸಡಕ್ ಯೋಜನೆಯ ನಾಲ್ಕನೇ ಹಂತಕ್ಕೆ 70,125 ಕೋಟಿ ರೂಪಾಯಿ ಇಟ್ಟಿದ್ದಾರೆ. ದೇಶದ 25,000 ಊರುಗಳಿಗೆ 62,500 ಕಿಲೋಮೀಟರ್ ರಸ್ತೆ ಇದರ ಗುರಿ. ಹಿಂದುಳಿದಿವೆ ಅಂತ ಕೇಂದ್ರ ಗುರುತಿಸಿ ‘ಮಹತ್ವಾಕಾಂಕ್ಷಿ ಜಿಲ್ಲೆ’ ಅಂತ ಕರೆದಿರುವ ರಾಯಚೂರು, ಯಾದಗಿರಿಗೆ ಇದರಲ್ಲಿ 250 ಜನ ಸಾಕು. ಮಲೆನಾಡಿನ ಬಹುಪಾಲು ಊರಿಗೆ ಮಾತ್ರ ಅದೇ 500. ಅದೂ 2011ರ ಜನಗಣತಿಯ ಪ್ರಕಾರ. ಆಮೇಲೆ ಹಳ್ಳದಾಚೆ ಎದ್ದ ಮನೆಗಳು ಆ ಎಣಿಕೆಯಲ್ಲಿ ಇಲ್ಲ. ಅಲ್ಲಿಯವರು ಈ ಬೇಸಿಗೆಯಲ್ಲೂ ಹಳೆ ದಬ್ಬೆ ತೆಗೆದು, ಹೊಸದು ಕಡಿದು ಸಂಕ ಕಟ್ಟುತ್ತಾರೆ.