ಕೇಸ್ ಶೀಟಿನಲ್ಲಿ ಬಿಟ್ಟುಹೋದ ಮಾತು

ವೈದ್ಯರೊಬ್ಬರು ಅರವತ್ತು ದಾಟಿದ ಮೇಲೆ ಕವಿತೆ ಬರೆಯಲೋ ಚಿತ್ರ ಬಿಡಿಸಲೋ ತೊಡಗಿದರೆ, ದಣಿದ ಜೀವಕ್ಕೊಂದು ಹವ್ಯಾಸ ಸಿಕ್ಕಿತೆಂದು ಮನೆಯವರು ಸಂತೋಷಪಡುತ್ತಾರೆ. ಕಲಬುರಗಿಯಲ್ಲಿ ಬಹುಕಾಲ ರೋಗಿಗಳನ್ನು ನೋಡಿ, ಈಗ ಈ ಎರಡಕ್ಕೂ ಕೈಹಾಕಿರುವ ನನಗೆ ಅದು ವೃತ್ತಿಯಲ್ಲಿಯೇ ಅರ್ಧಕ್ಕೆ ಬಿಟ್ಟ ಕೆಲಸದ ಮುಂದುವರಿಕೆಯಾಗಿ ತೋರುತ್ತದೆ.

ರೋಗಿಯ ಮುಖ್ಯ ತೊಂದರೆಯನ್ನು ಆತನ ಮಾತಿನಲ್ಲಿಯೇ ಬರೆದುಕೊಳ್ಳಬೇಕೆಂದು ವೈದ್ಯಕೀಯ ವಿದ್ಯಾರ್ಥಿಗೆ ಆರಂಭದಲ್ಲಿಯೇ ಕಲಿಸುತ್ತಾರೆ. ಓಪಿಡಿಯ ಸಾಲು ಬೆಳೆದಂತೆ ಮೊದಲು ಮರೆತುಹೋಗುವ ಪಾಠವೂ ಅದೇ. ‘ಎದಿ ಮ್ಯಾಲ ಬೀಸೋ ಕಲ್ಲು ಇಟ್ಟಂಗ ಆಗ್ಲತ್ತದರಿ ಸಾಹೇಬ್ರ’ ಎಂದು ಒಬ್ಬ ರೈತರು ಹೇಳಿದ್ದನ್ನು ನಾನು ‘ಎದೆನೋವು, ಎರಡು ಗಂಟೆಯಿಂದ’ ಎಂದಷ್ಟೇ ಬರೆದುಕೊಂಡಿದ್ದೆ. ಭಾರ ಹೇರಿದಂತಹ ನೋವು ಹೃದಯಕ್ಕೆ ರಕ್ತ ಸಾಲದಿರುವುದರ ಸೂಚನೆಯಾಗಿರಬಹುದು. ಉಸಿರೆಳೆದಾಗ ಚುಚ್ಚಿದಂತಾಗುವ ನೋವಾದರೆ ಶ್ವಾಸಕೋಶದ ಪೊರೆಯ ಉರಿಯೂತವನ್ನೂ ಯೋಚಿಸಬೇಕಾಗುತ್ತದೆ. ರೋಗನಿದಾನದ ಅರ್ಧ ಭಾಗ ಆ ಬೀಸುಕಲ್ಲಿನಲ್ಲಿಯೇ ಇತ್ತು, ಅದನ್ನು ನಾನು ಚೀಟಿಯಿಂದ ತೆಗೆದುಹಾಕಿದ್ದೆ. ನನ್ನ ಮೊದಲ ಕವಿತೆ ಆ ಕಲ್ಲಿನಿಂದಲೇ ಶುರುವಾಯಿತು.

ಈ ನಂಟು ನಮ್ಮ ಸೀಮೆಗೆ ಹೊಸದಲ್ಲ. 12ನೆಯ ಶತಮಾನದ ಶರಣ ವೈದ್ಯ ಸಂಗಣ್ಣ ತನ್ನ ಕಾಯಕದ ರೋಗ ಮತ್ತು ಔಷಧಗಳ ಪರಿಭಾಷೆಯಲ್ಲಿಯೇ ವಚನಗಳನ್ನು ಕಟ್ಟಿದನು. ಕಾಯಕದ ಮಾತು ಮತ್ತು ಕಾವ್ಯದ ಮಾತು ಬೇರೆಬೇರೆಯಾಗಿರಬೇಕಿಲ್ಲವೆಂಬ ಧೈರ್ಯ ನನಗೆ ಬಂದದ್ದು ಆತನಿಂದ.

ವಯಸ್ಸಾದಂತೆ ಮೆದುಳಿನ ವೇಗ ತಗ್ಗುತ್ತದೆ, ಹೆಸರುಗಳು ನಾಲಿಗೆಯ ತುದಿಯಲ್ಲಿ ನಿಂತುಬಿಡುತ್ತವೆ. ಆದರೆ ಆರೋಗ್ಯವಂತರಲ್ಲಿ ಶಬ್ದಸಂಪತ್ತು ಅರವತ್ತರ ನಂತರವೂ ಬಹುಮಟ್ಟಿಗೆ ಉಳಿದಿರುತ್ತದೆ. ಆದ್ದರಿಂದ ತಡವಾಯಿತೆಂದು ಹಿಂಜರಿಯುವ ಸಹೋದ್ಯೋಗಿಗಳಿಗೆ, ಒಂದು ಸಾಲಿಗೆ ಒಂದು ವಾರ ಹಿಡಿದರೂ ಹಿಡಿಯಲಿ ಎನ್ನುತ್ತೇನೆ. ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ರೋಗಿ ನಮ್ಮಲ್ಲಿ ನಂಬಿ ಹೇಳಿದ್ದನ್ನು ಗುಟ್ಟಾಗಿ ಕಾಯುವ ಹೊಣೆ ನಿವೃತ್ತಿಯೊಂದಿಗೆ ಮುಗಿಯುವುದಿಲ್ಲವಾದ್ದರಿಂದ, ಊರು, ವಯಸ್ಸು, ಮನೆತನಗಳಲ್ಲಿ ಯಾವುದರಿಂದಲೂ ಆ ವ್ಯಕ್ತಿಯ ಗುರುತು ಹತ್ತದಂತೆ ಬದಲಿಸಲಾಗದಿದ್ದರೆ ಆ ಕವಿತೆಯನ್ನು ಪ್ರಕಟಿಸಬಾರದು. ಹೀಗೆ ಕಪಾಟಿನಲ್ಲಿಯೇ ಉಳಿದ ಕವಿತೆಗಳು ನನ್ನಲ್ಲಿವೆ.

ಚಿತ್ರಕಲೆಯಲ್ಲಿ ತೊಡಕು ಬೇರೆ. ವಯಸ್ಸಿನೊಂದಿಗೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಬೆಳಕು ಅಕ್ಷಿಪಟಲಕ್ಕೆ ಕಡಿಮೆ ತಲುಪುತ್ತದೆ. ಬದಲಾವಣೆ ನಿಧಾನವಾಗಿರುವುದರಿಂದ ನೋಡುವವನಿಗೆ ಅದು ತಿಳಿಯುವುದೇ ಇಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಬಲಗಣ್ಣಿನ ಪೊರೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡ ಮೇಲೆ ಬಣ್ಣಗಳು ಬೇರೆಯಾಗಿ ಕಂಡು ಕಳವಳಪಟ್ಟದ್ದನ್ನು ಪಾಠವಾಗಿ ಓದಿದ್ದೆ. ನನ್ನ ಬಲಗಣ್ಣಿಗೂ ಶಸ್ತ್ರಕ್ರಿಯೆಯಾದ ಬಳಿಕ, ನನ್ನದೊಂದು ಚಿತ್ರದಲ್ಲಿ ಬಹಮನಿ ಕೋಟೆಯ ಗೋಡೆಗಳ ಮೇಲ್ಗಡೆ ನಾನು ಬಳಿದಿದ್ದ ಬೂದು ಬಣ್ಣದ ಸಂಜೆಯಾಕಾಶ ಆ ಕಣ್ಣಿಗೆ ನೀಲಿಯಾಗಿ ಕಂಡಿತು, ಇನ್ನೂ ಶಸ್ತ್ರಕ್ರಿಯೆಯಾಗದ ಎಡಗಣ್ಣಿಗೆ ಮೊದಲಿನಂತೆ ಬೂದಾಗಿಯೇ ಉಳಿದಿತ್ತು. ಆ ಚಿತ್ರವನ್ನು ತಿದ್ದಿಲ್ಲ. ಅದರ ಬೆನ್ನಿಗೆ ದಿನಾಂಕ ಹಾಕಿ, ಯಾವ ಕಣ್ಣಿಗೆ ಯಾವ ಬಣ್ಣ ಕಂಡಿತೆಂದು ಕೇಸ್ ಶೀಟಿನಂತೆ ಬರೆದಿಟ್ಟಿದ್ದೇನೆ.